ಆಟಕ್ಕೆ ಕೂತವರು, ಆಟದಿಂದ ಎದ್ದವರು

2020ರ ಮಾರ್ಚ್ 25 ಯುಗಾದಿ. ಹಳೇ ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಅವತ್ತು ಅರಳಿಕಟ್ಟೆಯ ಮೇಲೆ ಇಸ್ಪೀಟಿನ ಗುಂಪು ಕೂರದಿದ್ದರೆ ಹಬ್ಬ ಪೂರ್ತಿ ಆದಂತಲ್ಲ. ಆ ವರ್ಷ ಅದೇ ದಿನ ದೇಶಕ್ಕೆ ಬೀಗ ಬಿತ್ತು. ಕಟ್ಟೆ ಮೇಲೆ ಕೂತವರನ್ನು ಪೊಲೀಸರು ಲಾಠಿ ಬೀಸಿ ಎಬ್ಬಿಸಿದರು, ಆಟ ಮನೆಯೊಳಕ್ಕೆ ಬಂತು. ಇಪ್ಪತ್ತೊಂದು ದಿನ ಎಂದು ಹೇಳಿದ್ದು ಮೇ 31ರವರೆಗೂ ಎಳೆಯಿತು.

ಆ ಎರಡು ತಿಂಗಳ ಬಗ್ಗೆ ಈಗ ಒಂದು ಸಿಹಿಯಾದ ಕಥೆ ಚಾಲ್ತಿಯಲ್ಲಿದೆ. ಚೆಲ್ಲಾಪಿಲ್ಲಿಯಾಗಿದ್ದ ಕುಟುಂಬ ಒಂದಾಯಿತು, ಮಕ್ಕಳು ಅಜ್ಜಿಯ ಜೊತೆ ಚೌಕಾಬಾರ ಆಡಿದರು, ಎಲ್ಲರೂ ಒಟ್ಟಿಗೆ ಕೂತು ರಾಮಾಯಣ ನೋಡಿದರು, ಅಪ್ಪ ಅಡುಗೆಮನೆಗೆ ಬಂದ. ಕಥೆ ಸುಳ್ಳಲ್ಲ. ಆದರೆ ಅದನ್ನು ಹೇಳುವವರು ಹೆಚ್ಚಾಗಿ ಆಟಕ್ಕೆ ಕೂತವರೇ. ನಡುವೆ ಎದ್ದು ಕುಕ್ಕರ್ ಇಳಿಸಲು ಹೋದವರನ್ನು ಕೇಳಿದರೆ ಅದೇ ಕಥೆ ಬೇರೆ ಥರ ಬರುತ್ತದೆ. ಒಂದು ಕಾದಂಬರಿಯನ್ನೋ ನಾಟಕವನ್ನೋ ತೂಗಿನೋಡುವಂತೆ ಆ ದಿನಗಳ ಮನೆಯಾಟಗಳನ್ನೂ ತೂಗಿನೋಡಬೇಕಾಗಿದೆ. ಅದಕ್ಕೆ ನನ್ನ ಬಳಿ ಇರುವುದು ಒಂದೇ ಪ್ರಶ್ನೆ: ಆಟಕ್ಕೆ ಬೇಕಾದ ಬಿಡುವು ಯಾರ ಪಾಲಿನದು, ಅದನ್ನು ಒದಗಿಸಿದವರು ಯಾರು?

ರೋಗಕ್ಕೆ ಹೆದರಿ ಮನೆಯೊಳಗೆ ಕೂರುವುದು ನಮಗೆ ಹೊಸತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ನಡೆದದ್ದು ಇದರ ತಿರುವುಮುರುವು: ಜನ ಮನೆ ಬಿಟ್ಟು, ಊರಾಚೆ ಬಯಲಿನಲ್ಲಿ ಜೋಪಡಿ ಹಾಕಿಕೊಂಡು ಬದುಕಿದರು. ಹೊರಗೆ ಕಾಲಿಡಲಾಗದೆ ಮನೆಯಲ್ಲೇ ಉಳಿಯುವ ಅನುಭವಕ್ಕೆ ಹತ್ತಿರದ್ದು ಬೇಕೆಂದರೆ ತುಳುನಾಡಿನ ಆಟಿ ತಿಂಗಳನ್ನು ನೋಡಬೇಕು. ಹೊರಗೆ ಬಿಡದೆ ಸುರಿಯುವ ಮಳೆ, ಗದ್ದೆಯಲ್ಲಿ ಕೆಲಸ ಕಡಿಮೆ, ಮನೆಯಲ್ಲಿ ಅಕ್ಕಿಯೂ ಕಡಿಮೆ. ಆಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಆಡಲು ಬೀಜಗಳು. ಆಟಿ ಮುಗಿದರೆ ಮಣೆ ಮತ್ತೆ ಅಟ್ಟಕ್ಕೆ. ಅದೇ ನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಹೆಣ್ಣುಮಕ್ಕಳು ಚೆನ್ನೆಯಾಡಲು ಕೂತು ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆದು ಕೊಲ್ಲುತ್ತಾಳೆ, ತಾನು ಬಾವಿಗೆ ಹಾರುತ್ತಾಳೆ. ರಕ್ತಸಂಬಂಧಿಗಳನ್ನು ಒಂದೇ ಸೂರಿನಡಿ ಕೂರಿಸಿ ಕೈಗೆ ಆಟ ಕೊಟ್ಟರೆ ಏನೆಲ್ಲ ಆಗಬಹುದೆಂದು ಆ ಹಾಡು ಕಟ್ಟಿದವರಿಗೆ ಗೊತ್ತಿತ್ತು. ಲಾಕ್‌ಡೌನಿನ ಸಿಹಿಕಥೆ ಹೇಳುವ ನಮಗೆ ಆ ಎಚ್ಚರ ಇಲ್ಲ.

ಇನ್ನು ಚೌಕಾಬಾರ. ಆ ದಿನಗಳ ಎಲ್ಲ ಆಟಗಳಲ್ಲಿ ರಚನೆಯ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ಬಳಪವೋ ಸೀಮೆಸುಣ್ಣವೋ ಸಿಕ್ಕರೆ ನೆಲದ ಮೇಲೆ ಐದಕ್ಕೆ ಐದು ಚೌಕ, ನಾಲ್ಕು ಬದಿಯ ಮನೆಗಳಿಗೂ ನಡುಮನೆಗೂ ಗೀಟು. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಒಬ್ಬರದು ಬಳೆಚೂರು, ಒಬ್ಬರದು ಗುಂಡಿ, ಒಬ್ಬರದು ಕಡಲೆಬೀಜ. ಕವಡೆ ಇಲ್ಲದ ಮನೆಯಲ್ಲಿ ಹುಣಸೆಬೀಜ. ನಮ್ಮ ಮನೆಯ ಮಕ್ಕಳು ಹುಣಸೆಹಣ್ಣಿನ ಭರಣಿಯ ತಳದಿಂದ ಬೀಜ ಆರಿಸಿ ತಂದು ಹಜಾರದ ಟೈಲ್ಸ್ ಮೇಲೆ ತೇಯಲು ಕೂತರು. ಎಷ್ಟು ತೇಯ್ದರೂ ಕಂದು ಸಿಪ್ಪೆ ಇನ್ನಷ್ಟು ಮಿರುಗಿತೇ ಹೊರತು ಬಿಳಿ ಕಾಣಲಿಲ್ಲ. ಕೊನೆಗೆ ತಾರಸಿಯ ಒರಟು ಸಿಮೆಂಟಿನ ಮೇಲೆ, ಚೂರು ನೀರು ಹಾಕಿಕೊಂಡು ಉಜ್ಜಿದಾಗ ಒಂದು ಮೈ ಬೆಳ್ಳಗಾಯಿತು. ಹುಣಸೆಬೀಜ ಬೆಳ್ಳಗಾಗಬೇಕಾದರೆ ಒರಟು ನೆಲ ಬೇಕು ಎಂಬ ಪಾಠ ಆ ವರ್ಷದ ಯಾವ ಆನ್‌ಲೈನ್ ತರಗತಿಯಲ್ಲೂ ಇರಲಿಲ್ಲ.

ನಾಲ್ಕೂ ಬೀಜ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಇಷ್ಟು ಅದೃಷ್ಟದ ಪಾಲು, ಉಳಿದದ್ದು ಲೆಕ್ಕಾಚಾರ. ಹೊರಸುತ್ತಿನ ಹದಿನಾರು ಮನೆ ದಾಟಿದರೂ, ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಒಳಗಿನ ಎಂಟು ಮನೆ ದಾಟಿ ನಡುಮನೆ ಸೇರಿದರೆ ಕಾಯಿ ಹಣ್ಣು. ಈ ನಿಯಮದ ಸೊಗಸೆಂದರೆ ಅದು ಯಾರನ್ನೂ ಸುಮ್ಮನೆ ಸಾಧುವಾಗಿರಲು ಬಿಡುವುದಿಲ್ಲ. ಹಣ್ಣಾಗಬೇಕಾದರೆ ಹೊಡೆಯಲೇಬೇಕು, ಎದುರಿಗೆ ಕೂತಿರುವುದು ಮೊಮ್ಮಗನೇ ಆದರೂ.

“ಅಜ್ಜೀ, ಇದೊಂದ್ ಸಲ ಬಿಟ್ಬಿಡು.”

“ಆಟಕ್ಕೆ ಕೂತ್ಮೇಲೆ ಮೊಮ್ಮಗ ಗಿಮ್ಮಗ ಅಂತೆಲ್ಲ ಇಲ್ಲಪ್ಪ. ತಗೋ ನಿನ್ನ ಕಾಯಿ, ಹೋಗು ಮನೆಗೆ.”

ಈ ಮಾತಿನಲ್ಲಿ ಚೌಕಾಬಾರದ ನಿಜವಾದ ಹೆಚ್ಚುಗಾರಿಕೆ ಇದೆ. ಪರಂಪರೆ, ಸಂಸ್ಕೃತಿ ಎಂದು ಹೊಗಳುವವರು ಇದನ್ನು ಗಮನಿಸುವುದಿಲ್ಲ. ಮನೆಯಲ್ಲಿ ಸದಾ ಬಿಟ್ಟುಕೊಡುವ, ಕೊನೆಗೆ ಉಣ್ಣುವ, ಮೊಬೈಲಿನ ವಿಷಯದಲ್ಲಿ ಮೊಮ್ಮಗನ ಬಾಯಿ ನೋಡಬೇಕಾದ ಅಜ್ಜಿಗೆ ಇಲ್ಲಿ ಕೈ ಮೇಲು. ಬೀಜವನ್ನು ಅಂಗೈಯಲ್ಲಿ ಕುಲುಕಿ ಬಿಡುವ ವರಸೆ ಆಕೆಗೆ ಬರುತ್ತದೆ, ಇವನಿಗೆ ಬರುವುದಿಲ್ಲ. ಹಿರಿಯರಿಗೆ ಗೌರವ ಕೊಡಿ ಎಂದು ಬಾಯಲ್ಲಿ ಹೇಳಿ ಆಗದ್ದನ್ನು ಇಪ್ಪತ್ತೈದು ಮನೆಯ ಆಟ ಮಾಡಿತೋರಿಸಿತು.

ಇದರ ಪಕ್ಕದಲ್ಲಿ ಲೂಡೋ ಕಿಂಗ್ ಇಡೋಣ. 2016ರಲ್ಲಿ ಬಂದ ಈ ಆಪ್ ಆ ಬೇಸಿಗೆಯಲ್ಲಿ ಮನೆಮಾತಾಯಿತು. ಬೆಂಗಳೂರಿನ ಅಣ್ಣ, ಶಿವಮೊಗ್ಗದ ಅಕ್ಕ, ದುಬೈಯಲ್ಲಿ ಸಿಕ್ಕಿಕೊಂಡ ಭಾವ ಒಂದೇ ಹಲಗೆಯ ಸುತ್ತ ಸೇರುವುದು ಸಾಮಾನ್ಯ ಉಪಕಾರವಲ್ಲ. ಆದರೆ ದಾಳ ಉರುಳಿಸುವುದು ಯಂತ್ರ, ಕಾಯಿ ನಡೆಸುವುದೂ ಅದೇ. ತಪ್ಪು ಮನೆ ಎಣಿಸಿ ಸಿಕ್ಕಿಬೀಳುವ, “ಏ, ಅದು ಐದಲ್ಲ, ನಾಲ್ಕು” ಎಂದು ಕೂಗಾಡುವ ಸುಖಕ್ಕೆ ಅಲ್ಲಿ ಜಾಗವಿಲ್ಲ. ಮೋಸ ಮಾಡಲು ಬಾರದ ಆಟದಲ್ಲಿ ನಂಬಿಕೆಗೂ ಕೆಲಸವಿಲ್ಲ. ದೂರದವರನ್ನು ಹತ್ತಿರ ತಂದದ್ದಕ್ಕೆ ಅದಕ್ಕೆ ಅಂಕ ಕೊಡಬೇಕು. ಪಕ್ಕದಲ್ಲೇ ಕೂತ ನಾಲ್ವರು ನಾಲ್ಕು ಮೊಬೈಲಿನಲ್ಲಿ ಅದನ್ನೇ ಆಡಿದ್ದಕ್ಕೆ ಕಳೆಯಬೇಕು.

ಟಿವಿಯ ವಿಚಾರಕ್ಕೆ ಬಂದರೆ ನನ್ನ ತೀರ್ಪು ಹಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. 1987ರಲ್ಲಿ ಮೊದಲು ಪ್ರಸಾರವಾದ ರಮಾನಂದ ಸಾಗರರ ರಾಮಾಯಣವನ್ನು ದೂರದರ್ಶನ 2020ರ ಮಾರ್ಚ್ 28ರಿಂದ ಬೆಳಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಮತ್ತೆ ತೋರಿಸಿತು. ನಿಧಾನಗತಿ, ಚಿತ್ರಪಟದಂಥ ದೃಶ್ಯಗಳು, ಮಾತಿಗಿಂತ ಮೊದಲೇ ಗೊತ್ತಿರುವ ಕಥೆ. ಕಲಾಕೃತಿಯಾಗಿ ಅದಕ್ಕೆ ಹೆಚ್ಚು ಅಂಕ ಸಿಗುವುದು ಕಷ್ಟ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುವುದನ್ನು ಒಡನಾಟ ಎನ್ನುವುದೂ ಕಷ್ಟ. ಆದರೂ ಅದಕ್ಕೊಂದು ಗುಣವಿತ್ತು. ಚೌಕಾಬಾರಕ್ಕೆ ಎರಡು ಕೈ, ಪೂರ್ತಿ ಗಮನ ಬೇಕು. ಟಿವಿಗೆ ಕೈ ಬೇಡ. ಬೆಳ್ಳುಳ್ಳಿ ಸುಲಿಯುತ್ತ, ಹುರುಳಿಕಾಯಿಯ ನಾರು ತೆಗೆಯುತ್ತ ಮನೆಯ ಹೆಂಗಸರು ಅದರ ಮುಂದೆ ಕೂತರು. ಬಿಡುವಿಲ್ಲದವರನ್ನೂ ಸೇರಿಸಿಕೊಂಡ ಮನರಂಜನೆ ಅದು. ಹಾಗೆ ಕೂತಾಗಲೂ ಕೈಗೆ ಬಿಡುವಿರಲಿಲ್ಲ ಎನ್ನುವುದು ಟಿವಿಯ ತಪ್ಪಲ್ಲ.

ಕಥೆ ಪೂರ್ತಿ ಕುಸಿಯುವುದು ಅಡುಗೆಮನೆಯಲ್ಲಿ. ಕಾಫಿಪುಡಿ, ಸಕ್ಕರೆ, ಬಿಸಿನೀರು ಸಮಸಮ ಹಾಕಿ, ನೊರೆ ಗಟ್ಟಿಯಾಗುವವರೆಗೆ ಕಡೆದು ಹಾಲಿನ ಮೇಲೆ ಇಡುವ ಡಾಲ್ಗೋನಾ ಕಾಫಿ ದಕ್ಷಿಣ ಕೊರಿಯಾದಿಂದ ಹೊರಟು ಜಗತ್ತನ್ನೆಲ್ಲ ಸುತ್ತಿತು. ಫಿಲ್ಟರ್ ಕಾಫಿಯ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಕಾಯಲೊಲ್ಲದವರು ಇದನ್ನು ಅರ್ಧ ಗಂಟೆ ಕಡೆದರು. ಫೋಟೋ ತೆಗೆದರು, ಒಂದು ಗುಟುಕು ಕುಡಿದರು. ಬಟ್ಟಲು, ಚಮಚ, ಬೀಟರ್, ಮೂರು ಲೋಟ ಸಿಂಕಿಗೆ ಹೋದವು. ತಿಕ್ಕಿದ್ದು ಯಾರೆಂದು ಯಾವ ಫೋಟೋದಲ್ಲೂ ಇಲ್ಲ. ಮನೆಗೆಲಸದವರು ಬರುವಂತಿರಲಿಲ್ಲ, ಹೋಟೆಲಿನಲ್ಲಿ ಕೂತು ತಿನ್ನುವಂತಿರಲಿಲ್ಲ, ಎಲ್ಲರೂ ಮೂರು ಹೊತ್ತೂ ಮನೆಯಲ್ಲೇ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ದಿನವೊಂದರಲ್ಲಿ ಕೈಹಾಕುವ ಹೆಂಗಸರು ನೂರಕ್ಕೆ 81, ಗಂಡಸರು 26. ಕೈಹಾಕಿದವರಲ್ಲೂ ಹೆಂಗಸರದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದು 97. ಇದು ಲಾಕ್‌ಡೌನಿಗೆ ಹಿಂದಿನ ವರ್ಷದ ಲೆಕ್ಕ. ಈ ತಕ್ಕಡಿ ಹಿಡಿದುಕೊಂಡೇ ನಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಆ ವರ್ಷ ಮನೆಯೊಳಗಿನ ದೌರ್ಜನ್ಯದ ದೂರುಗಳು ಏರಿವೆ ಎಂದು ರಾಷ್ಟ್ರೀಯ ಮಹಿಳಾ ಆಯೋಗ ಏಪ್ರಿಲ್‌ನಲ್ಲೇ ಎಚ್ಚರಿಸಿತು. ಅಬ್ಬಗ ದಾರಗರ ಹಾಡು ಬರಿಯ ಹಾಡಾಗಿ ಉಳಿಯಲಿಲ್ಲ.

ಬಿಡುವಿನ ಈ ಲೆಕ್ಕ ಅರಮನೆಗೂ ಹೊರತಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕೂತು ಚದುರಂಗ, ಗಂಜೀಫಾದ ಹೊಸ ಹೊಸ ಬಗೆಗಳನ್ನು ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಈ ಆಟಗಳ ಭಂಡಾರ. ಅಪರೂಪದ ಪ್ರತಿಭೆ, ಅನುಮಾನವಿಲ್ಲ. ಆದರೆ ಅರಸರು ಆಟದ ಪಟ ಬರೆಸುವಾಗ ಒಲೆ ಊದುತ್ತಿದ್ದವರು ಬೇರೆ. ನಮ್ಮ ಎರಡು ಕೋಣೆಯ ಮನೆಗಳೂ ಅದೇ ಏರ್ಪಾಟನ್ನು ಸಣ್ಣ ಅಳತೆಯಲ್ಲಿ ನಡೆಸಿದವು. ಒಂದೇ ಕೋಣೆಯ ಶೆಡ್ಡಿನಲ್ಲಿ ಏಳೆಂಟು ಜನ ಇದ್ದವರಿಗೆ, ಊರು ಸೇರಲು ಹೆದ್ದಾರಿ ಹಿಡಿದು ನಡೆದವರಿಗೆ ಈ ಪ್ರಶ್ನೆಯೇ ಬರಲಿಲ್ಲ. ಅವರಿಗೆ ಬೇಕಾದ್ದು ಆಟವಲ್ಲ, ಅನ್ನ.

ಹಾಗಾದರೆ ಮೊದಲ ಬಹುಮಾನ ಯಾವುದಕ್ಕೆ? ನನ್ನ ಪ್ರಕಾರ ಆಟವೆಂದು ಯಾರೂ ಕರೆಯದ ಒಂದಕ್ಕೆ: ಸಂಡಿಗೆ. ಏಪ್ರಿಲ್ ಹೇಗೂ ಅದರ ಕಾಲ. ಹಿಂದಿನ ವರ್ಷಗಳಲ್ಲಿ ಅಂಗಡಿಯಿಂದ ಪೊಟ್ಟಣ ತರುತ್ತಿದ್ದ ಎಷ್ಟೋ ಮನೆಗಳು ಆ ಬೇಸಿಗೆ ತಾರಸಿ ಹತ್ತಿದವು. ಹಿಂದಿನ ರಾತ್ರಿ ಸಬ್ಬಕ್ಕಿ ನೆನೆಹಾಕಿ, ಬೆಳಕು ಹರಿಯುವ ಮೊದಲೇ ಅಕ್ಕಿಹಿಟ್ಟಿನ ಅಂಬಲಿಗೆ ಹಾಕಿ ಗಂಟಾಗದಂತೆ ತಿರುವಬೇಕು. ಆರಿದರೆ ಒರಳಿನಿಂದ ಇಳಿಯದು, ಆದ್ದರಿಂದ ಬಿಸಿಯಲ್ಲೇ ಒತ್ತಬೇಕು. ತಿರುವಲು ರಟ್ಟೆ ಬಲವಿರುವವರು ಬೇಕು, ಹದ ನೋಡಲು ಅಜ್ಜಿ, ಹಾಳೆ ಹಾಸಲು ಇಬ್ಬರು, ಕಾಗೆ ಓಡಿಸಲು ಮಕ್ಕಳು. ಕಾಯಲು ಕೂತ ಮಕ್ಕಳೇ ಅರ್ಧ ಒಣಗಿದ್ದನ್ನು ಕದ್ದು ತಿನ್ನುವುದಂತೂ ಇದ್ದದ್ದೇ. ಹರಟೆ, ಜಗಳ, ಹಾಡು ಎಲ್ಲ ಅಲ್ಲೇ ನಡೆಯಿತು. ಇಲ್ಲಿ ಕೆಲಸವೇ ಕಾಲಕ್ಷೇಪ. ಒಬ್ಬರು ದುಡಿದು ಉಳಿದವರು ಆಡುವ ಪ್ರಶ್ನೆ ಬರುವುದಿಲ್ಲ, ಏಕೆಂದರೆ ಒಬ್ಬರಿಂದ ಅದು ಮುಗಿಯುವುದೇ ಇಲ್ಲ.

ಚೌಕಾಬಾರಕ್ಕೆ ಎರಡನೇ ಸ್ಥಾನ. ಆಟದ ದೋಷವೇನೂ ಇಲ್ಲ, ಅದನ್ನು ಆಡಿದ ಮನೆಗಳದ್ದೇ ದೋಷ. ಕೆಲವು ಮನೆಗಳಲ್ಲಿ ಸೋತವರು ಪಾತ್ರೆ ತೊಳೆಯಬೇಕು ಎಂಬ ಪಣ ಇತ್ತು. ಯುಗಾದಿ ಜೂಜಿಗೆ ಅದಕ್ಕಿಂತ ಒಳ್ಳೆಯ ಬದಲಿ ಸಿಗಲಾರದು. ಆದರೆ ಜೂನ್ ಬಂದು ಗೇಟು ತೆರೆದು, ಕೆಲಸದವರು ಮರಳಿದ ದಿನವೇ ಆ ಪಣ ಮುಗಿಯಿತು. ಕವಡೆ ಡಬ್ಬಿ ಇನ್ನೂ ಕಪಾಟಿನಲ್ಲಿದೆ, ರಜೆಯಲ್ಲಿ ಹೊರಬರುತ್ತದೆ. ಉಳಿಸಿಕೊಳ್ಳಬೇಕಾಗಿದ್ದದ್ದು ಕವಡೆಗಿಂತ ಆ ಪಣವನ್ನು. ಲಾಕ್‌ಡೌನ್ ನಮ್ಮನ್ನು ಒಂದುಮಾಡಿತು ಎನ್ನುವವರು, ಅಂದಿನಿಂದ ಇಂದಿನವರೆಗೆ ಊಟವಾದ ಮೇಲೆ ತಮ್ಮ ಮನೆಯಲ್ಲಿ ಮೊದಲು ಏಳುವವರು ಬದಲಾಗಿದ್ದಾರೆಯೇ ಎಂದು ನೋಡಿ ಆಮೇಲೆ ಹೇಳಲಿ.