ಅಳತೆಪಟ್ಟಿ ಹಿಡಿದ ವಿಜ್ಞಾನಿ

ಸಂಶೋಧನಾ ಸಂಸ್ಥೆಗಳಲ್ಲಿ ಸಮಾನತೆ, ವೈವಿಧ್ಯ ಮತ್ತು ಎಲ್ಲರನ್ನೂ ಒಳಗೊಳ್ಳುವ ಮನೋಭಾವವನ್ನು ಕುರಿತ ತರಬೇತಿಗಳು ಕಳೆದ ಎರಡು ದಶಕಗಳಲ್ಲಿ ಹಲವು ದೇಶಗಳಲ್ಲಿ ರೂಢಿಗೆ ಬಂದವು. ಇದೇ ಉದ್ದೇಶಕ್ಕಾಗಿ ಅನೇಕ ವಿಶ್ವವಿದ್ಯಾಲಯಗಳು ಪ್ರದರ್ಶಿಸಿ ಚರ್ಚಿಸಿದ ಸಾಕ್ಷ್ಯಚಿತ್ರ 'ಪಿಕ್ಚರ್ ಎ ಸೈಂಟಿಸ್ಟ್'. ಶೆರನ್ ಶಾಟಕ್ ಮತ್ತು ಇಯಾನ್ ಚೇನಿ ನಿರ್ದೇಶಿಸಿದ ಈ ಚಿತ್ರ 2020ರಲ್ಲಿ ಬಿಡುಗಡೆಯಾಯಿತು.

ಚಿತ್ರದ ಜೀವಾಳ ನ್ಯಾನ್ಸಿ ಹಾಪ್ಕಿನ್ಸ್ ಅವರ ಕಥೆ. ಅಮೆರಿಕದ ಎಂಐಟಿಯಲ್ಲಿ ಜೀವವಿಜ್ಞಾನಿಯಾಗಿದ್ದ ಅವರು ಮೀನುಗಳ ಮೇಲಿನ ಸಂಶೋಧನೆಗಾಗಿ ಇನ್ನಷ್ಟು ಜಾಗ ಕೇಳಿದರು, ಸಿಗಲಿಲ್ಲ. ದೂರಿದರೆ ನಂಬುವವರಿರಲಿಲ್ಲ. ಕೊನೆಗೆ ರಾತ್ರಿಯ ವೇಳೆ ಅಳತೆಪಟ್ಟಿ ಹಿಡಿದು ಪ್ರಯೋಗಾಲಯಗಳನ್ನು ಅಳೆದರು. ಹಿರಿಯ ಪುರುಷ ಸಹೋದ್ಯೋಗಿಗಳಿಗಿಂತ ತಮಗೆ ಬಹಳ ಕಡಿಮೆ ಸ್ಥಳವಿರುವುದು ರುಜುವಾತಾಯಿತು. 1994ರಲ್ಲಿ 16 ಮಂದಿ ವಿಜ್ಞಾನಿ ಮಹಿಳೆಯರು ಒಂದಾದರು. 1999ರ ವರದಿಯಲ್ಲಿ ಸಂಸ್ಥೆಯೇ ತಾರತಮ್ಯವನ್ನು ಒಪ್ಪಿಕೊಂಡಿತು.

2012ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಒಂದೇ ಅರ್ಜಿಯನ್ನು ಕೆಲವರಿಗೆ ಜಾನ್ ಎಂಬ ಹೆಸರಿನಲ್ಲಿ, ಕೆಲವರಿಗೆ ಜೆನಿಫರ್ ಎಂಬ ಹೆಸರಿನಲ್ಲಿ, ಒಟ್ಟು 127 ವಿಜ್ಞಾನ ಪ್ರಾಧ್ಯಾಪಕರ ಮುಂದಿಡಲಾಯಿತು. ಜಾನ್‌ಗೆ ಸೂಚಿತವಾದ ವಾರ್ಷಿಕ ವೇತನ ಸರಾಸರಿ 30,238 ಡಾಲರ್, ಜೆನಿಫರ್‌ಗೆ 26,508. ಪ್ರಾಧ್ಯಾಪಕಿಯರೂ ಹೀಗೆಯೇ ತೀರ್ಪು ನೀಡಿದ್ದರೆಂಬುದು ಗಮನಾರ್ಹ.

ಆದರೆ ಚಿತ್ರದ ಒಂದು ಕೊರತೆಯನ್ನು ಹೇಳಲೇಬೇಕು. ಮನಸ್ಸಿನಾಳದಲ್ಲಿ ಅರಿವಿಲ್ಲದೆ ಅಡಗಿರುವ ಪೂರ್ವಗ್ರಹಕ್ಕೆ ಅದು ಹೆಚ್ಚು ಒತ್ತು ಕೊಡುತ್ತದೆ. ತಪ್ಪು ಅರಿವಿಲ್ಲದೆ ನಡೆಯಿತೆಂದಾಗ ಹೊಣೆ ಹೊರುವವರು ಯಾರು? 492 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2019ರ ವಿಶ್ಲೇಷಣೆಯೊಂದು, ಇಂಥ ಪೂರ್ವಗ್ರಹದ ಅಳತೆಯಲ್ಲಿ ಬದಲಾವಣೆ ಕಂಡರೂ ನಡತೆಯಲ್ಲಿ ಅದಕ್ಕೆ ತಕ್ಕ ಬದಲಾವಣೆ ಕಾಣುವುದಿಲ್ಲವೆಂದು ತಿಳಿಸಿತು. ಎಂಐಟಿಯಲ್ಲಿಯೂ ನ್ಯಾಯದ ದಾರಿ ತೆರೆದದ್ದು ಉಪನ್ಯಾಸವಲ್ಲ. ಜಾಗ ಮತ್ತು ಸಂಬಳದ ಲೆಕ್ಕವನ್ನು ಮೇಜಿನ ಮೇಲಿಟ್ಟದ್ದು, ಬಳಿಕ ಅದನ್ನು ಸರಿಪಡಿಸಿದ್ದು. ತರಬೇತಿ ಬೇಡವೆಂದಲ್ಲ, ಅದು ಲೆಕ್ಕ ಒಪ್ಪಿಸುವುದಕ್ಕೆ ಬದಲಿಯಾಗಬಾರದು.

ನಮ್ಮ ಕುಟುಂಬಗಳ ಮಕ್ಕಳೂ ಇಂದು ಸಂಶೋಧನೆಯ ಹಾದಿ ಹಿಡಿಯುತ್ತಿದ್ದಾರೆ. ಈ ಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡುವುದು ಒಳಿತು. ನೋಡಿದ ಮೇಲೆ ನಮ್ಮ ಮನೆಯಲ್ಲಿಯೂ ಒಮ್ಮೆ ಅಳತೆಪಟ್ಟಿ ಹಿಡಿಯೋಣ: ಓದುವ ಮೇಜು ಯಾರಿಗೆ, ಸಂಜೆಯ ಅಡುಗೆಕೆಲಸ ಯಾರಿಗೆ?