ಜೋಳಿಗೆಗೆ ಬೀಳದ ಗೀಳು

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆಯನ್ನು ಇಳಿಬಿಟ್ಟು, ಕಾಳು ಕಾಸುಗಳನ್ನು ಬೇಡದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುತ್ತ ಊರೂರು ತಿರುಗಿದ ಸಂಗತಿಯನ್ನು ಹುನಗುಂದ ಸೀಮೆಯಲ್ಲಿ ಅರಿಯದವರು ವಿರಳ. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಕುಡಿತಕ್ಕೂ ತಂಬಾಕಿಗೂ ದೃಢಸಂಕಲ್ಪವೇ ದಿವ್ಯೌಷಧವೆಂಬ ವಿಶ್ವಾಸವನ್ನು ಆ ಜೋಳಿಗೆ ಈ ಪ್ರಾಂತದಲ್ಲಿ ಆಳವಾಗಿ ನೆಲೆಗೊಳಿಸಿತು. ಅದು ಶ್ಲಾಘ್ಯವೇ ಸರಿ. ಆದರೆ ಅದೇ ವಿಶ್ವಾಸವನ್ನು ರೂಪದಲ್ಲಿ ಚಟವನ್ನು ಹೋಲುವ, ಸ್ವಭಾವದಲ್ಲಿ ಅದಕ್ಕೆ ವಿರುದ್ಧವಾದ ಬೇರೊಂದು ವ್ಯಾಧಿಗೂ ಅನ್ವಯಿಸಿ, “ಮನಸ್ಸು ಗಟ್ಟಿಮಾಡು, ಬಿಟ್ಟುಬಿಡು” ಎಂದು ಉಪದೇಶಿಸುವ ರೂಢಿಯೊಂದು ನಮ್ಮಲ್ಲಿದೆ. ಆ ರೂಢಿಯನ್ನೂ, ಅದಕ್ಕೆ ಪ್ರತಿಯಾಗಿ ವೈದ್ಯಶಾಸ್ತ್ರವು ನೀಡಿರುವ ಚಿಕಿತ್ಸಾಕ್ರಮವನ್ನೂ ಒರೆಗೆ ಹಚ್ಚಿ ನೋಡುವುದು ಇಲ್ಲಿಯ ಉದ್ದೇಶ.

ಆ ವ್ಯಾಧಿಯೇ ಗೀಳು ಮನೋರೋಗ. ಅದಕ್ಕೆ ಎರಡು ಅಂಗಗಳುಂಟು. ಬೇಡವೆಂದರೂ ನುಗ್ಗಿ ಬರುವ, ತನ್ನದೇ ಮನಸ್ಸಿನದೆಂದು ತಿಳಿದಿದ್ದರೂ ತನಗೇ ಹೇಸಿಗೆ ಹುಟ್ಟಿಸುವ ಆಲೋಚನೆ ಒಂದು; ಅದು ಎಬ್ಬಿಸಿದ ತಳಮಳವನ್ನು ಅಡಗಿಸಲು ಮಾಡಲೇಬೇಕಾಗಿ ಬರುವ ತೊಳೆತ, ಎಣಿಕೆ, ಪರೀಕ್ಷೆ, ಮನದೊಳಗಿನ ಜಪ ಮತ್ತೊಂದು. ಕುಡುಕನಿಗೆ ಕುಡಿತದಲ್ಲಿ ಕ್ಷಣಮಾತ್ರದ ಸುಖವಾದರೂ ಉಂಟಷ್ಟೆ. ಗೀಳುರೋಗಿಗೆ ಅದೂ ಇಲ್ಲ. ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆಯಂತೆ ಕೊಂಡಿ ಹಾಕುವಾಗ ಪ್ರತಿಯೊಂದನ್ನೂ ಕಣ್ಣಿಟ್ಟು ನೋಡುತ್ತಾನೆ, ಸರಿಯಾಯಿತೆಂದು ಮನಸ್ಸಿಗೆ ಹತ್ತಿದೊಡನೆ ಮುಂದಿನ ಎಳೆಗೆ ಕೈಹಾಕುತ್ತಾನೆ. ರೋಗಿಯ ಕಣ್ಣು ಕಂಡದ್ದನ್ನು ಮನಸ್ಸು ಒಪ್ಪುವುದಿಲ್ಲ, ಆದುದರಿಂದ ಅವನ ಪಾಲಿಗೆ ಮುಂದಿನ ಎಳೆ ಎಂಬುದೇ ಇಲ್ಲ. ಬಿಡಬೇಕೆಂಬ ಸಂಕಲ್ಪ ಅವನಲ್ಲಿ ಮೊದಲೇ ತುಂಬಿ ತುಳುಕುತ್ತಿರುವಾಗ ಇನ್ನಷ್ಟು ಸಂಕಲ್ಪವನ್ನು ಬೋಧಿಸುವುದರಿಂದ ಆಗತಕ್ಕದ್ದು ಲಜ್ಜೆಯ ವೃದ್ಧಿಯೊಂದೇ.

ಎರಡನೆಯ ರೂಢಿ ವಿಚಾರವಂತರದು: ಇದೆಲ್ಲ ಮಡಿಮೈಲಿಗೆಯ ಹುಚ್ಚು, ಮೂಢಾಚಾರ ತೊಲಗಿದರೆ ತಾನೇ ತೊಲಗೀತು ಎಂಬ ವಾದ. ಕೇಳಲು ಹಿತವಾದ ವಾದ. ಆದರೆ ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮದ ನೆರೆಯಲ್ಲಿ ನಿಂತು ಅದನ್ನು ಆಡುವುದು ಕಷ್ಟ. ಜನನ, ಮರಣ, ರಜಸ್ಸು, ಎಂಜಲು, ಜಾತಿಗಳೆಂಬ ಐದು ಸೂತಕಗಳನ್ನೂ ಅಲ್ಲಗಳೆದ ಧರ್ಮದಲ್ಲಿ ಹುಟ್ಟಿ ಬೆಳೆದವರನ್ನೂ ಕೈತೊಳೆಯುವ ಗೀಳು ಬಿಟ್ಟಿಲ್ಲ. ದೇವರನ್ನೇ ನಂಬದವನಿಗೆ ರೋಗಾಣುವಿನ ಭಯವಾಗಿ, ದೈವಭಕ್ತನಿಗೆ ಪೂಜೆಯ ನಡುವೆ ಮೂಡುವ ಅಶ್ಲೀಲ ಚಿತ್ರವಾಗಿ, ಬಾಣಂತಿಗೆ ತನ್ನ ಕೂಸನ್ನು ತಾನೇ ಕೊಂದೇನೆಂಬ ದಿಗಿಲಾಗಿ ಅದು ತಲೆದೋರುವುದು. ಹಾಗೆ ದಿಗಿಲುಗೊಳ್ಳುವ ತಾಯಿಗೆ ಕೊಲ್ಲುವ ಬಯಕೆ ಕಿಂಚಿತ್ತೂ ಇಲ್ಲವೆಂಬುದೇ ಈ ವ್ಯಾಧಿಯ ಕ್ರೌರ್ಯ. ಬಂಗಾಳದಲ್ಲಿ, ವಿಶೇಷವಾಗಿ ವಿಧವೆಯರಲ್ಲಿ ಕಾಣುತ್ತಿದ್ದ ‘ಶುಚಿಬಾಯಿ’ ಎಂಬ ಅತಿಮಡಿಯನ್ನು ಅಜಿತಾ ಚಕ್ರವರ್ತಿಯವರು 1970ರ ದಶಕದಲ್ಲಿ ಗೀಳುರೋಗದೊಡನೆ ತೂಗಿ ನೋಡಿದರು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಸುಮಂತ್ ಖನ್ನಾ ಮತ್ತು ಎಸ್. ಎಂ. ಚನ್ನಬಸವಣ್ಣನವರು 1980ರ ದಶಕದಲ್ಲಿ ರೋಗಿಗಳ ಗೀಳುಗಳನ್ನೂ ಕ್ರಿಯೆಗಳನ್ನೂ ವಿಂಗಡಿಸಿ ವರ್ಣಿಸಿದರು. ಇಂಥ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ನನಗೆ ತೋರುವುದಿಷ್ಟು: ಸಂಸ್ಕೃತಿಯು ರೋಗಕ್ಕೆ ವೇಷವನ್ನು ಒದಗಿಸೀತು, ಜೀವವನ್ನಲ್ಲ. ಮಡಿಯವಳನ್ನು ಅಣಕಿಸಿ ನಗುವ ನಮ್ಮ ಹಳೆಯ ವಿನೋದಲೇಖಕರ ಗೇಲಿಗೆ ಎಷ್ಟೋ ಸಾರಿ ಗುರಿಯಾದವಳು ಕರ್ಮಠೆಯಲ್ಲ, ಕಾಯಿಲೆಯವಳು ಎಂಬ ಶಂಕೆ ನನಗಿದೆ.

ಕಾರಣಗಳ ವಿಷಯದಲ್ಲಿ ಶಾಸ್ತ್ರದ ಮಾತು ಇನ್ನೂ ಪೂರ್ತಿಯಾಗಿಲ್ಲ. ರಕ್ತಸಂಬಂಧಿಗಳಲ್ಲಿ ಈ ವ್ಯಾಧಿ ಹೆಚ್ಚಾಗಿ ಕಾಣುವುದರಿಂದ ಅನುವಂಶೀಯತೆಯ ಪಾಲು ನಿಶ್ಚಿತ. ಕಣ್ಣುಗೂಡಿನ ಮೇಲಣ ಮಿದುಳಿನ ಭಾಗ, ಒಳಗಿನ ಸ್ಟ್ರಯೇಟಮ್ ಮತ್ತು ಥಲಾಮಸ್‌ಗಳನ್ನು ಸುತ್ತುವ ನರಮಂಡಲದಲ್ಲಿ ಚಟುವಟಿಕೆ ಅಧಿಕವಾಗಿರುವುದೂ ಕಂಡುಬಂದಿದೆ. ಲಾಸ್ ಏಂಜಲೀಸಿನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗುಣ ಕಂಡ ರೋಗಿಗಳು ಮಾತ್ರೆ ನುಂಗಿದವರಾಗಿರಲಿ, ಮಾತ್ರೆಯಿಲ್ಲದೆ ಬರಿಯ ವರ್ತನಾಚಿಕಿತ್ಸೆ ಪಡೆದವರಾಗಿರಲಿ, ಕಾಡೇಟ್ ಎಂಬ ಮಿದುಳಿನ ಭಾಗದಲ್ಲಿ ಆ ಚಟುವಟಿಕೆ ಒಂದೇ ತೆರನಾಗಿ ತಗ್ಗಿತ್ತು. ಪರೀಕ್ಷೆಗೊಳಗಾದವರು ಕೆಲವೇ ಮಂದಿ, ನಿಜ. ಆದರೂ ದೇಹದ ರೋಗವೋ ಮನಸ್ಸಿನ ರೋಗವೋ ಎಂಬ ನಮ್ಮ ಕಟ್ಟೆಯ ಚರ್ಚೆಗೆ ಇದಕ್ಕಿಂತ ಸಮರ್ಪಕವಾದ ಉತ್ತರವನ್ನು ನಾನರಿಯೆ. ಕೂದಲು ಕೀಳುವುದು, ಚರ್ಮ ಚಿವುಟುವುದು, ಕಸವನ್ನೂ ಕೂಡಿಡುವುದು, ಇಲ್ಲದ ಕುರೂಪಕ್ಕಾಗಿ ಕೊರಗುವುದು ಇವುಗಳನ್ನು ಅಮೆರಿಕದ ಮನೋವೈದ್ಯರ ಕೈಪಿಡಿಯು 2013ರಲ್ಲಿ ಗೀಳಿನ ಬಳಗಕ್ಕೆ ಸೇರಿಸಿತು; ಅವುಗಳ ಚಿಕಿತ್ಸೆ ಒಂದಿಷ್ಟು ಬೇರೆ.

ಚಿಕಿತ್ಸೆಯಲ್ಲಿ ನಿಜವಾದ ತಿರುವನ್ನು ತಂದವನು ಲಂಡನ್ನಿನ ವಿಕ್ಟರ್ ಮೇಯರ್. ಇಬ್ಬರು ರೋಗಿಗಳನ್ನು ಅವರು ಅಂಜುತ್ತಿದ್ದ ವಸ್ತುಗಳಿಗೇ ಒಡ್ಡಿ, ಬಳಿಕ ಮಾಡಿಯೇ ತೀರುತ್ತಿದ್ದ ಕ್ರಿಯೆಯನ್ನು ತಡೆಹಿಡಿದು ಗುಣ ಕಂಡ ವೃತ್ತಾಂತವನ್ನು ಅವನು 1966ರಲ್ಲಿ ಬರೆದನು. ವಾದದಿಂದ ರೋಗಿಯನ್ನು ಒಪ್ಪಿಸುವ ಗೋಜಿಗೇ ಹೋಗದಿರುವುದು ಈ ಕ್ರಮದ ವೈಶಿಷ್ಟ್ಯ: ಸಂಶಯ ಹಾಗೆಯೇ ಉಳಿಯಲಿ, ಅದರ ಸಂಗಡ ಕುಳಿತಿರಲು ಕಲಿ, ತಳಮಳ ತಾನಾಗಿ ಇಳಿದರೂ ಸರಿ, ಇಳಿಯದೆ ಸಹ್ಯವಾದರೂ ಸರಿ ಎಂಬುದು ಅದರ ನಿಲುವು. ನಮ್ಮ ಮನೆಗಳಲ್ಲಿ ಇದಕ್ಕೆ ಪ್ರತಿಕೂಲವಾದದ್ದು ನಿರ್ದಯೆಯಲ್ಲ, ದಯೆ. “ಕೈ ಸ್ವಚ್ಛ ಅದಾವೇನ ಯವ್ವಾ?” ಎಂದು ಮಗಳು ಕೇಳುವಳು, “ಸ್ವಚ್ಛ ಅದಾವ ನಮ್ಮವ್ವಾ” ಎಂದು ತಾಯಿ ಅಂತಃಕರಣದಿಂದ ಹೇಳುವಳು, ಅರೆಗಳಿಗೆಯ ನೆಮ್ಮದಿಯ ಬಳಿಕ ಪ್ರಶ್ನೆ ಮತ್ತೆ ಬರುವುದು, ಉತ್ತರ ಪಡೆದ ಪ್ರಶ್ನೆ ಹಿಂದಿಗಿಂತ ಹಸಿದಿರುವುದು. ತಂದೆ ಕೊಡ ಹೊತ್ತು ನೀರು ತರುವನು, ಅಣ್ಣ ಬಾಗಿಲ ಅಗಳಿಯನ್ನು ಅವಳ ಪರವಾಗಿ ನೋಡಿಬರುವನು. ಹೀಗೆ ಇಡೀ ಮನೆಯೇ ರೋಗದ ಆಳಾಗುವುದು. ಹನಿನೀರಾವರಿಯ ಯೋಜನೆಗೆ ಹೆಸರಾದ ರಾಮಥಾಳದಂಥ ಬರದ ಸೀಮೆಯಲ್ಲಂತೂ ಅವಳಿಗೆ ಮೊದಲು ಬೀಳುವ ಬೈಗುಳು ನೀರು ಹಾಳುಮಾಡಿದ್ದಕ್ಕೆ. ರೋಗದ ಮಾತು ಆಮೇಲೆ. ಉತ್ತರ ಕೊಡದೆ ಮಗಳ ಪಕ್ಕದಲ್ಲಿ ಕೂರುವುದನ್ನು ತಾಯಿಗೆ ಕಲಿಸಲು ಅನೇಕ ಭೇಟಿಗಳು ಬೇಕು, ಕಲಿಸತಕ್ಕವನಿಗೆ ತರಬೇತಿ ಬೇಕು. ಈ ಕ್ರಮವನ್ನು ಮೊದಲಲ್ಲೇ ನಿರಾಕರಿಸುವವರೂ ನಡುವೆ ಬಿಡುವವರೂ ಕಡಿಮೆಯಿಲ್ಲವೆಂಬುದು ಅದರ ದೊಡ್ಡ ದೌರ್ಬಲ್ಯ. ಪೂರ್ತಿ ನಡೆಸಿದವರಲ್ಲಿ ಬಹುಪಾಲಿಗೆ ಗುಣ ಕಾಣುವುದೆಂಬುದು ಬಲ.

ಔಷಧಗಳದು ಬೇರೆ ಬಗೆಯ ಕಷ್ಟ. ಫ್ಲೂಆಕ್ಸಿಟಿನ್, ಸರ್ಟ್ರಲಿನ್ ಮೊದಲಾದವು ಇಲ್ಲಿ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗುವುದು ಸಾಮಾನ್ಯ. ಫಲ ತೋರಲು ಎಂಟರಿಂದ ಹನ್ನೆರಡು ವಾರ ಹಿಡಿದೀತು. ಹದಿನೈದು ದಿನಕ್ಕೆ ಮಾತ್ರೆ ಬಿಟ್ಟು, ಮೂರನೆಯ ವಾರ ದೇವರ ಹೇಳಿಕೆಗೆ ಹೋದವನನ್ನು ಮೂಢನೆಂದು ಜರೆಯುವುದು ಸುಲಭ. ಅವಧಿಯನ್ನು ಮೊದಲೇ ತಿಳಿಸದವರನ್ನು ಜರೆದವರುಂಟೆ?

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಆ ಮಾದರಿಯ ಕಣ್ಣು ಮುಖ್ಯವಾಗಿ ತೀವ್ರ ಚಿತ್ತವಿಕಾರದ ಮೇಲೂ ಮೂರ್ಛೆರೋಗದ ಮೇಲೂ ಇದ್ದಿತು. ಬೀದಿಯಲ್ಲಿ ಕೂಗದ, ದುಡಿಮೆಯನ್ನು ಹೇಗೋ ನಡೆಸುವ, ತನ್ನ ನಾಚಿಕೆಯನ್ನು ಬಚ್ಚಲಮನೆಯಲ್ಲಿ ಬಚ್ಚಿಡುವ ಗೀಳುರೋಗಿ ಆ ಕಣ್ಣಿಗೆ ಬೀಳುವಂತಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿದರೆ ಈಗ ಕನ್ನಡದಲ್ಲಿಯೇ ಮಾತನಾಡಬಹುದು. ಹೇಳಿಕೊಳ್ಳಲು ಬಾಯಿಲ್ಲದ ಈ ರೋಗಕ್ಕೆ ಮುಖ ಕಾಣದ ಕೇಳುಗನು ದೊರೆತದ್ದು ಅಲ್ಪ ಲಾಭವಲ್ಲ. ಆದರೆ ವಾರವಾರವೂ ಎದುರು ಕುಳಿತು ಮಾಡಿಸತಕ್ಕ ಅಭ್ಯಾಸಕ್ಕಾಗಿ ರಾಮಥಾಳದ ಮನೆಯವರು ಬಾಗಲಕೋಟೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸಿಗೋ ಅಲೆಯಬೇಕೆಂದರೆ ಎರಡು ದಿನದ ಕೂಲಿ ಹೋಗುವುದು. ತಾಲೂಕು ಆಸ್ಪತ್ರೆಯ ದಾದಿಯೊಬ್ಬಳಿಗೆ ಈ ಅಭ್ಯಾಸವನ್ನು ಕಲಿಸಿ, ವಾರಕ್ಕೊಂದು ಅಪರಾಹ್ನವನ್ನು ಅದಕ್ಕೆಂದೇ ಬಿಟ್ಟುಕೊಡುವವರೆಗೆ, ಈ ಸೀಮೆಯಲ್ಲಿ ಗೀಳಿಗೆ ಚಿಕಿತ್ಸೆ ಉಂಟೆಂದು ಹೇಳುವ ಸರ್ಕಾರಿ ಪತ್ರಗಳನ್ನು ನಾನು ಅರ್ಧ ಸತ್ಯವೆಂದೇ ಎಣಿಸುವೆನು.