ಬಾಯಿತಾಳ, ಬಾಸ್ ತಂತಿ

ಜಾಜ್ ರ್‍ಯಾಪ್ ಎಂದರೆ ಗಾಬರಿ ಬೇಡ. ಗುಬ್ಬಿ, ಕುಣಿಗಲ್ ಕಡೆ ಹರಿಕಥೆ, ಕಂಪನಿ ನಾಟಕ ಕೇಳಿ ಬೆಳೆದ ಕಿವಿಗೆ ತಾಳದ ಮೇಲೆ ಮಾತು ಕೂರಿಸುವುದು ಹೊಸದಲ್ಲ. ಹಳೆಯ ಜಾಜ್ ರೆಕಾರ್ಡಿನ ತುಣುಕೊಂದನ್ನು ಮತ್ತೆ ಮತ್ತೆ ಸುತ್ತಿಸಿ, ಅದರ ಮೇಲೆ ಪ್ರಾಸದ ಮಾತು ಹರಿಸುವುದೇ ಇದರ ಕಸುಬು. ಶುರುವಿಗೆ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ 1991ರ ‘ದಿ ಲೋ ಎಂಡ್ ಥಿಯರಿ’ ಕೇಳಿ. ಅದರ ಒಂದು ಹಾಡಿಗೆ ಜಾಜ್ ದಿಗ್ಗಜ ರಾನ್ ಕಾರ್ಟರ್ ಅವರೇ ಬಾಸ್ ನುಡಿಸಿದ್ದಾರೆ. ಮೊದಲ ಸಲ ಮಾತು ಬಿಟ್ಟು ಆ ಬಾಸಿನ ಹಿಂದೆಯೇ ಹೋಗಿ. ಇಂಗ್ಲಿಷ್ ತಿಳಿಯದಿದ್ದರೂ ನಷ್ಟವಿಲ್ಲ.

ನನ್ನ ಮೆಚ್ಚಿನದು ಮಾತ್ರ ಇನ್ನೂ ಹತ್ತಿರದ್ದು: ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲಿ ತಂದ ‘ಜ್ಯೋತಿ’ ಆಲ್ಬಮ್. ಆರ್.ಎ. ರಮಾಮಣಿಯವರ ಗಾಯನ, ಬಾಯಲ್ಲೇ ತಾಳ ನುಡಿಯುವ ಕೊನ್ನಕ್ಕೋಲಿನ ಸೊಲ್ಲುಗಳು, ಮೃದಂಗ, ಘಟ, ಖಂಜಿರ, ನಡುವೆ ಸ್ಯಾಕ್ಸಿನ ಉಸಿರು. ಇದು ರ್‍ಯಾಪ್ ಅಲ್ಲ, ಒಪ್ಪಿದೆ. ಆದರೆ ಬಾಯಿಯೇ ವಾದ್ಯವಾಗುವ ಸುಖ ಅದೇ.

ಫೋನಿನ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದಿಲ್ಲ. ತುಮಕೂರಿನಲ್ಲಿ ಬೆಂಗಳೂರು ರೈಲು ಹತ್ತುವಾಗ ಇಯರ್‌ಫೋನ್ ಮರೆಯಬೇಡಿ.